ಗುದ್ದಿಸಿಕೊಂಡು ಗಾಯವಾಯಿತೇ? ಪರಿಹಾರದ ಕೇಸು ಯಾವಾಗ ನಿಲ್ಲುತ್ತದೆ, ಹೇಗೆ ಹಾಕಬೇಕು

ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವರ ಮನೆಯವರು ಮೊದಲು ಕೇಳುವುದು ‘ಎಷ್ಟು ಸಿಗುತ್ತೆ?’ ಎಂದು. ಕೋರ್ಟು ಕೇಳುವ ಮೊದಲ ಪ್ರಶ್ನೆ, ತಪ್ಪು ಯಾರದು ಎನ್ನುವುದು. ಎದುರಿನವರು ಎಚ್ಚರದಿಂದ ಇರಬೇಕಿತ್ತು, ಇರಲಿಲ್ಲ, ಅದರಿಂದಲೇ ನಿಮಗೆ ಪೆಟ್ಟಾಯಿತು. ಈ ಮೂರೂ ಕೂಡಿದರೆ ಮಾತ್ರ ನಿರ್ಲಕ್ಷ್ಯದ ಕೇಸು ನಿಲ್ಲುತ್ತದೆ. ಗಾಯ ಎಷ್ಟೇ ದೊಡ್ಡದಿರಲಿ, ತಪ್ಪು ಪೂರ್ತಿ ನಿಮ್ಮದೇ ಆದರೆ ಆ ದಾರಿ ಮುಚ್ಚಿದಂತೆ.

ಅರಸೀಕೆರೆ ಕಡೆ 2014ರಲ್ಲಿ ನಡೆದ ಅಪಘಾತವೊಂದರಲ್ಲಿ ಹೀಗೇ ಆಯಿತು. ಅತಿವೇಗದಲ್ಲಿ ಕಾರು ಓಡಿಸಿ, ಅದು ಪಲ್ಟಿಯಾಗಿ ಚಾಲಕ ತೀರಿಕೊಂಡರು. ಮನೆಯವರು 80 ಲಕ್ಷ ರೂಪಾಯಿ ಕೇಳಿದರು. ಕರ್ನಾಟಕ ಹೈಕೋರ್ಟ್ ಕೊಡಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಅದೇ ಕಾರಿನ ಹಿಂದಿನ ಸೀಟಿನಲ್ಲಿದ್ದವರಿಗೆ ಪೆಟ್ಟಾಗಿದ್ದರೆ ಅವರ ಲೆಕ್ಕವೇ ಬೇರೆ. ಓಡಿಸಿದವರ ತಪ್ಪು ಪ್ರಯಾಣಿಕರ ತಲೆಗೆ ಬರುವುದಿಲ್ಲ.

ತಪ್ಪು ಎರಡೂ ಕಡೆ ಇದ್ದರೆ? ಕೇಸು ಬೀಳುವುದಿಲ್ಲ, ಮೊತ್ತ ಇಳಿಯುತ್ತದೆ. ನಿಮ್ಮದು ಶೇ 25 ತಪ್ಪು ಎಂದಾದರೆ ಪರಿಹಾರದಲ್ಲಿ ಅಷ್ಟು ಕಡಿತ.

ಮೊದಲ ದಿನ: ಡಾಕ್ಟರ್ ಮುಂದೆ ಏನು ಹೇಳುತ್ತೀರಿ?

ನನ್ನ ಪ್ರಕಾರ ಅರ್ಧ ಕೇಸು ನಿರ್ಧಾರವಾಗುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ತುರ್ತು ಚಿಕಿತ್ಸೆ ಕೊಠಡಿಯಲ್ಲಿ. ಡ್ಯೂಟಿ ಡಾಕ್ಟರ್ ‘ಏನಾಯ್ತು?’ ಎಂದು ಕೇಳುತ್ತಾರೆ. ‘ಪೊಲೀಸ್ ಗೀಲೀಸ್ ಯಾಕೆ, ಸುಮ್ನೆ ಬೈಕ್ ಸ್ಕಿಡ್ ಆಯ್ತು ಅನ್ನಿ’ ಎಂದು ಪಕ್ಕದಲ್ಲಿದ್ದವರು ಹೇಳಿಕೊಡುತ್ತಾರೆ. ಗುದ್ದಿದವನೂ ‘ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ ಅಣ್ಣ, ಕಂಪ್ಲೇಂಟ್ ಬೇಡ’ ಎನ್ನುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಅವನು ಫೋನ್ ಎತ್ತುವುದಿಲ್ಲ. ಆಗ ಠಾಣೆಗೆ ಹೋಗಿ ‘ಕಾರು ಗುದ್ದಿತು’ ಎಂದು ದೂರು ಕೊಟ್ಟರೆ, ಪರಿಹಾರ ಕೊಡಬೇಕಾದ, ಆ ಕಾರಿನ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ಕೇಸ್ ಶೀಟ್ ತರಿಸಿ ‘ತಾನೇ ಬಿದ್ದದ್ದು’ ಎಂಬ ಒಂದೇ ಸಾಲನ್ನು ತೋರಿಸುತ್ತಾರೆ. ಅದನ್ನು ಅಳಿಸುವುದು ಬಹಳ ಕಷ್ಟ.

ಹಾಗಾಗಿ ನಡೆದದ್ದನ್ನೇ ಹೇಳಿ. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ದಾಖಲಾಗಲಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಆಸ್ಪತ್ರೆಯವರು ಮಾಡುವ ದಾಖಲೆ, ಮಾಡಿಸಿ. ವಾಹನದ ನಂಬರ್, ರಸ್ತೆಯಲ್ಲಿ ಬಿದ್ದ ಗಾಜು, ಬ್ರೇಕ್ ಗುರುತು ಇವುಗಳ ಫೋಟೊ ತೆಗೆಸಿ. ಹತ್ತಿರದ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಪೊಲೀಸರಿಗೆ ಕೂಡಲೇ ತಿಳಿಸಿ, ಹಳೆಯ ದೃಶ್ಯಗಳು ಬೇಗ ಅಳಿಸಿಹೋಗುತ್ತವೆ. ಕೈಯಲ್ಲಿ ದುಡ್ಡಿಲ್ಲವೆಂದು ಹೆದರಬೇಡಿ. ಕೇಂದ್ರ ಸರ್ಕಾರದ 2025ರ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಕೂಡಿಡಬೇಕಾದ ಕಾಗದ

ಎಫ್‌ಐಆರ್, ಸ್ಥಳ ಮಹಜರು, ಸ್ಥಳದ ನಕ್ಷೆ, ವಾಹನ ತಪಾಸಣೆಯ ವರದಿ, ಚಾರ್ಜ್‌ಶೀಟ್ ಪೊಲೀಸರಿಂದ. ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಆಸ್ಪತ್ರೆಯಿಂದ. ಮೆಡಿಕಲ್ ಶಾಪಿನ ಚಿಕ್ಕ ಬಿಲ್ಲನ್ನೂ ಎಸೆಯಬೇಡಿ. ಆಟೊ, ಆಂಬುಲೆನ್ಸ್ ಖರ್ಚನ್ನೂ ಬರೆದಿಡಿ.

ಎಲ್ಲಿ, ಯಾವಾಗ?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಈ ಕೇಸುಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಅಪಘಾತ ಹುಬ್ಬಳ್ಳಿಯಲ್ಲಾದರೂ ನೀವು ಮೈಸೂರಿನಲ್ಲಿ ವಾಸವಿದ್ದರೆ ಮೈಸೂರಿನಲ್ಲೇ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಹಾಗೆಂದು ನೀವು ಕಾಯುತ್ತಾ ಕೂರಬೇಡಿ. ಗುದ್ದಿ ಓಡಿಹೋದ ವಾಹನ ಸಿಗದೇ ಇದ್ದರೆ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಪ್ರತ್ಯೇಕ ಯೋಜನೆ ಇದೆ.

ಆಸ್ಪತ್ರೆ ವಾರ್ಡಿನಲ್ಲೇ ಬಂದು ‘ಕೇಸು ನಮಗೆ ಬಿಡಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವವರಿದ್ದಾರೆ. ವಕೀಲರು ಹಾಗೆ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಮೊತ್ತದ ಲೆಕ್ಕ

ಚಿಕಿತ್ಸೆ ಖರ್ಚು, ಹಾಸಿಗೆ ಹಿಡಿದ ತಿಂಗಳುಗಳ ಸಂಬಳ, ನೋವಿಗೆ ಒಂದಿಷ್ಟು. ಇವು ಸುಲಭ. ಜಗಳ ಜಾಸ್ತಿ ನಡೆಯುವುದು ಮುಂದಿನ ದುಡಿಮೆಯ ನಷ್ಟದ ಮೇಲೆ. ತಿಂಗಳಿಗೆ 18,000 ದುಡಿಯುವ 35 ವರ್ಷದ ಗಾರೆ ಕೆಲಸದವರೊಬ್ಬರ ದುಡಿಯುವ ಶಕ್ತಿ ಶೇ 15 ಕುಗ್ಗಿತು ಎನ್ನಿ. ವರ್ಷಕ್ಕೆ 2,16,000. ಆ ವಯಸ್ಸಿಗೆ ಅದನ್ನು 16ರಿಂದ ಗುಣಿಸಿ, ಬಂದದ್ದರ ಶೇ 15 ಎಷ್ಟೆಂದು ನೋಡಿದರೆ 5,18,400 ರೂಪಾಯಿ. ಡಾಕ್ಟರ್ ‘ಕಾಲಿಗೆ ಶೇ 45 ಅಂಗವೈಕಲ್ಯ’ ಎಂದು ಬರೆದ ಮಾತ್ರಕ್ಕೆ ಶೇ 45ರ ಲೆಕ್ಕ ಸಿಗುವುದಿಲ್ಲ. ಅದು ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದೇ ಮುಖ್ಯ. ಸಾರುವೆ ಹತ್ತಲಾಗದ ಗಾರೆಯವರಿಗೂ ಮೇಜಿನ ಮುಂದೆ ಕೂರುವ ಗುಮಾಸ್ತರಿಗೂ ಒಂದೇ ಅಳತೆ ಅಲ್ಲ, ಅಲ್ವಾ? ಇದನ್ನು ಸಾಕ್ಷಿ ಹೇಳುವಾಗ ಬಿಡಿಸಿ ಹೇಳಿ. ಸಂಬಳದ ಚೀಟಿ ಇಲ್ಲದ ಕೂಲಿಯವರೂ ಹಿಂಜರಿಯಬೇಕಿಲ್ಲ. ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ, ಕೂಲಿ ಕಾರ್ಮಿಕರೊಬ್ಬರು ಹೇಳಿದ ತಿಂಗಳಿಗೆ 4,500 ರೂಪಾಯಿ ಆದಾಯವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ದಾಖಲೆಯಿಲ್ಲದೆಯೇ ಒಪ್ಪಿತು.

ವಾಹನ ಗುದ್ದಿದ್ದಲ್ಲದಿದ್ದರೆ

ರಸ್ತೆ ಗುಂಡಿಯಿಂದ ಬಿದ್ದವರಿಗೂ ದಾರಿಯಿದೆ. ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿದೆ. ಕರೆಂಟ್ ತಂತಿ ಹರಿದು ಬಿದ್ದು ಪೆಟ್ಟಾದರೆ ವಿದ್ಯುತ್ ಕಂಪನಿಯ ನಿರ್ಲಕ್ಷ್ಯ ಸಾಬೀತು ಮಾಡುವ ಹೊರೆಯೂ ನಿಮ್ಮ ಮೇಲಿಲ್ಲ. ಹಣ ಕೊಟ್ಟು ಪಡೆದ ಚಿಕಿತ್ಸೆ ಎಡವಟ್ಟಾದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಗುಣವಾಗಲಿಲ್ಲ ಎಂಬುದಷ್ಟೇ ಅಲ್ಲಿ ಸಾಲದು.

ರಾಜಿಗೆ ಮುನ್ನ

ವಿಮಾ ಕಂಪನಿಗಳು ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆಯುತ್ತವೆ. ಬೇಗ ದುಡ್ಡು ಬರುತ್ತದೆ, ಒಪ್ಪುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಕಾಲಿನೊಳಗಿನ ರಾಡ್ ತೆಗೆಸಲು ಮತ್ತೊಂದು ಆಪರೇಷನ್ ಬೇಕೇ, ಅದಕ್ಕೆ ಎಷ್ಟಾಗುತ್ತದೆ ಎಂದು ಡಾಕ್ಟರಿಂದ ಬರೆಸಿಕೊಂಡು, ಆ ಮೊತ್ತ ಸೇರಿದೆಯೇ ನೋಡಿ ಸಹಿ ಹಾಕಿ.