ಬಸುರಿಯ ಶುಗರೂ ನಮ್ಮ ಮನೆಯ ಗಂಜಿಯೂ

ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ಏಪ್ರಿಲ್ ಕೊನೆಗೆ, ನನಗೆ 26ನೇ ವಾರ ನಡೆಯುವಾಗ, 75 ಗ್ರಾಂ ಗ್ಲುಕೋಸ್ ಕರಗಿಸಿದ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 140ರ ಒಳಗಿರಬೇಕಿತ್ತು, 163 ಬಂತು. ಮೊದಲ ತಿಂಗಳುಗಳ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಹೊಟ್ಟೆಯೊಳಗೆ ಮಗುವಿಗೆ ಆಹಾರ ಮುಟ್ಟಿಸುವ ಮಾಸು ಬೆಳೆದ ಹಾಗೆ ಅದರ ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ಅದಕ್ಕೇ ಈ ಹೊತ್ತಿಗೆ ಇನ್ನೊಮ್ಮೆ ನೋಡುವುದು ಎಂದರು ಡಾಕ್ಟರು. "ನಾನೇ ಹೋಳಿಗೆ ತಿನ್ನಿಸಿ ತಪ್ಪು ಮಾಡಿದೆನಾ?" ಎಂದು ಅತ್ತೆ ಕಣ್ಣೀರು ಹಾಕಿದ್ದರು. ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು ಅವರಿಗೆ ಎರಡು ಸಲ ಬಿಡಿಸಿ ಹೇಳಿದೆ.

ಕೊಟ್ಟ ಪಟ್ಟಿಯಲ್ಲಿ ಚಪಾತಿ, ಓಟ್ಸ್ ಇತ್ತು. ನಮ್ಮಲ್ಲಿ ಬೆಳಗ್ಗೆ ತೆಳ್ಳವು (ಅಕ್ಕಿಯ ತೆಳು ದೋಸೆ), ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಮೂರು ತಿಂಗಳು ಬೇರೆ ಅಡುಗೆ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗ್ಲುಕೋಮೀಟರ್ ತರಿಸಿ ನಮ್ಮ ಊಟವನ್ನೇ ಅಳೆಯತೊಡಗಿದೆ. ಬರಿಹೊಟ್ಟೆಯಲ್ಲಿ 95ರ ಕೆಳಗೆ, ಊಟವಾಗಿ ಎರಡು ಗಂಟೆಗೆ 120ರ ಕೆಳಗೆ ಇರಬೇಕು. ದೊಡ್ಡ ಬಟ್ಟಲು ಗಂಜಿ, ಉಪ್ಪಿನಕಾಯಿ: 158. ಅದೇ ಅಕ್ಕಿಯ ಅನ್ನ ಒಂದೇ ಸೌಟು, ತಟ್ಟೆ ತುಂಬ ಅಲಸಂಡೆ ಪಲ್ಯ, ಹೆಸರುಕಾಳಿನ ಗಸಿ, ಕೊನೆಗೆ ಮಜ್ಜಿಗೆ: 116. ತೆಳ್ಳವು ನಾಲ್ಕರ ಬದಲು ಎರಡು, ಜೊತೆಗೆ ಕಡಲೆ. ಉಂಡ ಮೇಲೆ ಅಡಿಕೆ ಒಣಗಿಸುವ ಅಂಗಳದಲ್ಲಿ ಹದಿನೈದು ನಿಮಿಷ ನಡೆಯುತ್ತಿದ್ದೆ. ನಡೆಯದ ದಿನದ ಲೆಕ್ಕ ಪುಸ್ತಕದಲ್ಲಿ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಒಂದು ಸಂಜೆ 212 ತೋರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಮಕ್ಕಳಿಗೆ ಹಲಸಿನ ಸೊಳೆ ಬಿಡಿಸಿ ಕೊಟ್ಟ ಕೈ. ಸಾಬೂನು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳಿನ ಬದಿಗೆ ಚುಚ್ಚಿದೆ. 114. ಮೊದಲಿನ ಅಂಕೆ ಹಣ್ಣಿನದು, ರಕ್ತದ್ದಲ್ಲ. ಅದನ್ನು ನಂಬಿ ಆ ರಾತ್ರಿ ಉಪವಾಸ ಬಿದ್ದಿದ್ದರೆ ಮಗುವಿಗೂ ನನಗೂ ಸಂಕಟ.

ಊಟದ್ದು ಹಿಡಿತಕ್ಕೆ ಬಂತು, ಬೆಳಗ್ಗಿನದ್ದು ಬರಲಿಲ್ಲ. ದಿನವೂ 104, 107. ಜೂನ್‌ನಲ್ಲಿ ಮಲಗುವ ಮುಂಚೆ ಇನ್ಸುಲಿನ್ ಶುರು ಮಾಡಿದರು. ಸೂಜಿ ಎಂದಾಗ ಸೋತೆ ಅನಿಸಿದ್ದು ನಿಜ. ಆದರೆ ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ದಾಟುವುದು ನನ್ನ ಸಕ್ಕರೆ ಎಂದು ತಿಳಿದ ಮೇಲೆ ಕೈ ನಡುಗಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಎರಡೆರಡು ದಿನ ಇರುವುದಿಲ್ಲ. ಸೀಸೆಯನ್ನು ಸಣ್ಣ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತಣ್ಣೀರಿನ ಮಣ್ಣಿನ ಮಡಕೆಯೊಳಗೆ ಇಡುತ್ತಿದ್ದೆವು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೆರಿಗೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಹಾಲು ಕುಡಿಸಿದೆ. ಹಿಮ್ಮಡಿ ಚುಚ್ಚಿ ಅವಳ ಶುಗರ್ ಇಳಿದಿದೆಯೇ ಎಂದು ನೋಡಿದರು. ಇಳಿದಿರಲಿಲ್ಲ. ನನ್ನ ಇನ್ಸುಲಿನ್ ಆ ದಿನವೇ ನಿಲ್ಲಿಸಿದರು.

ಎಲ್ಲರೂ "ಹೋಯಿತಲ್ಲ" ಎಂದರು. ಅಮ್ಮ ಭರಣಿ ತುಂಬ ಬೆಲ್ಲದ ಲೇಹ್ಯ ಮಾಡಿ ತಂದರು. ನನಗಾಗಿ ಹೊಗೆಯಲ್ಲಿ ಕೂತು ಕಾಸಿದ್ದು, ಬೇಡ ಎನ್ನಲು ಬಾಯಿ ಬರಲಿಲ್ಲ. ದಿನಕ್ಕೆ ಅರ್ಧ ಚಮಚ ಎಂದು ಒಪ್ಪಂದವಾಯಿತು. ಜಗಳವಾದದ್ದು ಆರು ವಾರದ ಪರೀಕ್ಷೆಗೆ. ಬಾಣಂತಿ ಹೊಸಿಲು ದಾಟುವುದು ಬೇಡ, ಶುಗರ್ ಇಲ್ಲವಲ್ಲ ಎಂದು ಅಮ್ಮ. ಇಲ್ಲ ಎಂದು ಯಾರು ನೋಡಿದ್ದು ಎಂದೆ. 45ನೇ ದಿನ ಮಗುವನ್ನು ಎತ್ತಿಕೊಂಡು ಹೋದೆ, ಪುನಃ ಅದೇ ಗ್ಲುಕೋಸ್ ನೀರು. ಬರಿಹೊಟ್ಟೆಯಲ್ಲಿ 93, ಎರಡು ಗಂಟೆಗೆ 148. ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸಿಲು. ಹೋಗದೆ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಮಗಳಿಗೆ ನಾಲ್ಕು. ಅವಳ ಹುಟ್ಟುಹಬ್ಬದ ವಾರವೇ ನನ್ನ ರಕ್ತ ಪರೀಕ್ಷೆ, ಮರೆಯದಿರಲೆಂದು. ರಾತ್ರಿ ಗಂಜಿ ಈಗಲೂ ಸಣ್ಣ ಬಟ್ಟಲಲ್ಲೇ. ಹೋದ ವರ್ಷದಿಂದ ಅಮ್ಮನೂ ನನ್ನ ಜೊತೆ ಬಂದು ಕೈ ಚಾಚುತ್ತಾರೆ.