ಇಂಗುಬಾವಿ ತೋಡುವ ಮುನ್ನ ಯಾರ‍್ಯಾರನ್ನು ಕೇಳಬೇಕು?

2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗರು ಬಳ್ಳಾರಿ ರಸ್ತೆಯಲ್ಲಿ ಮಾನವ ಸರಪಳಿ ಕಟ್ಟಿ, ಹೆಬ್ಬಾಳದತ್ತ ಹೋಗುವ ಉಕ್ಕಿನ ಮೇಲ್ಸೇತುವೆ ಬೇಡ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನವರು ‘ಸ್ಟೇಕ್‌ಹೋಲ್ಡರ್’ ಎನ್ನುವುದು ಇಂಥವರನ್ನೇ: ಕೆಲಸದಿಂದ ಅನುಕೂಲವೋ ತೊಂದರೆಯೋ ಆಗುವವರು, ಅದನ್ನು ನಡೆಸಲೋ ನಿಲ್ಲಿಸಲೋ ಬಲ್ಲವರು.

ಸಣ್ಣ ಕೆಲಸಕ್ಕೂ ಇದೇ ಲೆಕ್ಕ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿ ತೋಡಿಸಬೇಕು ಅಂದುಕೊಳ್ಳಿ.

ಮೊದಲು ಪಟ್ಟಿ. ಕೂತಲ್ಲೇ ಬರೆದರೆ ಅಧ್ಯಕ್ಷರು, ಖಜಾಂಚಿ, ಕಂಟ್ರಾಕ್ಟರ್ ಅಷ್ಟಕ್ಕೇ ಪೆನ್ನು ನಿಲ್ಲುತ್ತದೆ. ಎದ್ದು ಬೆಳಿಗ್ಗೆ ಒಂದು ಸುತ್ತು, ರಾತ್ರಿ ಒಂದು ಸುತ್ತು ಹಾಕಿ. ಬಾವಿ ಬರುವ ಜಾಗದಲ್ಲಿ ಯಾರ ಕಾರು ನಿಲ್ಲುತ್ತದೆ? ಮಳೆನೀರು ಇಳಿಯುವ ತಾರಸಿಯನ್ನು ಗುಡಿಸುವವರು ಯಾರು? ಅಲ್ಲಿ ಸಂಡಿಗೆ ಒಣಗಿಸುವ ಅಜ್ಜಿ? ಟ್ಯಾಂಕರ್‌ನವರನ್ನೂ ಬರೆದುಕೊಳ್ಳಿ. ಬೋರ್‌ವೆಲ್ ಚೇತರಿಸಿಕೊಂಡರೆ ಅವರಿಗೆ ಲೋಡು ಕಡಿಮೆ, ಮಳೆ ಕೈಕೊಟ್ಟರೆ ನಿಮಗೆ ಅವರೇ ಗತಿ. ಇನ್ನು, ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಮಣ್ಣು ಒಡ್ಡರನ್ನು ಬರೀ ಕೂಲಿಯ ಲೆಕ್ಕದಲ್ಲಿ ಸೇರಿಸಬೇಡಿ. ಎಲ್ಲಿ ತೋಡಬೇಕೆಂದು ನಕ್ಷೆ ಮುಗಿಯುವ ಮೊದಲೇ ಅವರನ್ನು ಕೇಳಿ.

ಆಮೇಲೆ ಪ್ರತಿ ಹೆಸರಿನ ಮುಂದೆ ಎರಡು ಅಂಕಿ: ಕೆಲಸ ನಿಲ್ಲಿಸುವ ಶಕ್ತಿ ಎಷ್ಟು, ಆಸಕ್ತಿ ಎಷ್ಟು. ಎರಡೂ ಹೆಚ್ಚಿದ್ದವರನ್ನು ಆಗಾಗ ಮುಖಾಮುಖಿ ಕಾಣಿ. ಶಕ್ತಿಯಷ್ಟೇ ಇದ್ದರೆ ಅವರ ಒಪ್ಪಿಗೆ ತಪ್ಪದಂತೆ ನೋಡಿಕೊಳ್ಳಿ, ಆಸಕ್ತಿಯಷ್ಟೇ ಇದ್ದರೆ ಸುದ್ದಿ ಮುಟ್ಟಿಸುತ್ತಿರಿ. ಎರಡೂ ಕಡಿಮೆಯಿದ್ದವರ ಮೇಲೆ ಒಂದು ಕಣ್ಣಿಟ್ಟರೆ ಸಾಕು. ಪಠ್ಯಪುಸ್ತಕಗಳು ಇದನ್ನೇ ನಾಲ್ಕು ಚೌಕಗಳಾಗಿ ಬರೆದು ತೋರಿಸುತ್ತವೆ. ಆ ಚೌಕಗಳ ಬಗ್ಗೆ ನನ್ನದೊಂದು ತಕರಾರಿದೆ. ಸೆಕ್ಯುರಿಟಿಯವರು ಸಾಮಾನ್ಯವಾಗಿ ಶಕ್ತಿ ಇಲ್ಲದ ಚೌಕಕ್ಕೆ ಬೀಳುತ್ತಾರೆ. ಆದರೆ ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಹೊತ್ತು ರಾತ್ರಿ ಬಂದ ಲಾರಿಗೆ ಗೇಟು ತೆಗೆಯುವವರು ಅವರೇ ಅಲ್ಲವೇ? ಚೌಕಗಳು ನಿಂತಲ್ಲೇ ನಿಲ್ಲುವುದೂ ಇಲ್ಲ. ಸಭೆಗೆ ಒಮ್ಮೆಯೂ ಬಾರದವರು ಗುಂಡಿಯ ಮಣ್ಣು ತಮ್ಮ ಬಾಗಿಲಿಗೆ ಬಂದ ದಿನ ಮೊದಲ ಸಾಲಿನಲ್ಲಿರುತ್ತಾರೆ. ಪಟ್ಟಿಯನ್ನು ಆಗಾಗ ತಿದ್ದಿ.

ಮಾತಿನ ವಿಷಯ. ವಾಟ್ಸ್ಆ್ಯಪ್ ಗ್ರೂಪಿಗೆ ಇಂಗ್ಲಿಷ್ ನೋಟಿಸ್ ಎಸೆದು ‘ಎಲ್ಲರಿಗೂ ತಿಳಿಸಿದ್ದೇವೆ’ ಎನ್ನುವುದು ನಮ್ಮೂರಿನ ಚಾಳಿ. ಆ ಗ್ರೂಪಿನಲ್ಲಿ ಸೆಕ್ಯುರಿಟಿಯವರಿಲ್ಲ, ಎಷ್ಟೋ ಕಡೆ ಬಾಡಿಗೆಯವರೂ ಇಲ್ಲ. ಕನ್ನಡವೋ ತೆಲುಗೋ ತಮಿಳೋ ಹಿಂದಿಯೋ, ಅವರವರ ಮಾತಿನಲ್ಲಿ ಹೇಳಿ. ನಕ್ಷೆ ಬದಲಿಸಲು ಇನ್ನೂ ಅವಕಾಶ ಇರುವಾಗಲೇ ಕೇಳಿ. ಅವರು ಹೇಳಿದ್ದನ್ನು ಮಾಡಲಾಗದಿದ್ದರೆ ಯಾಕೆಂದು ಹೇಳಿ. ಪಾರ್ಕಿಂಗ್ ಕಳೆದುಕೊಳ್ಳುವವರಿಗೆ, ಬದಲಿ ಜಾಗದ ನಂಬರನ್ನು ಕೆಲಸ ಶುರುವಾಗುವ ಮೊದಲೇ, ಬಾಗಿಲು ತಟ್ಟಿ ಕೈಗೇ ಕೊಡಿ.