ಟೋಕನ್ ಹಿಂದೆ ಯಾರಿದ್ದಾರೆ? ನಾನು ನೋಡುವ ರೀತಿ

ಹೊಸ ಕ್ರಿಪ್ಟೊ ಟೋಕನ್ ಕಣ್ಣಿಗೆ ಬಿದ್ದರೆ ನಾನು ಮೊದಲು ಬೆಲೆ ನೋಡುವುದಿಲ್ಲ. ಇದನ್ನು ಇಟ್ಟುಕೊಂಡರೆ ಯಾರು ನನಗೆ ಏನು ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಬಿಟ್‌ಕಾಯಿನ್ ವಿಷಯದಲ್ಲಿ ಯಾರೂ ಏನೂ ಕೊಡಬೇಕಿಲ್ಲ. ಅದರ ಒಟ್ಟು ಸಂಖ್ಯೆ 2.1 ಕೋಟಿ ದಾಟುವುದಿಲ್ಲ, ಸ್ವಂತ ಚೈನ್ (ವಹಿವಾಟುಗಳನ್ನೆಲ್ಲ ಬರೆದಿಡುವ ಬ್ಲಾಕ್‌ಚೈನ್ ದಾಖಲೆ) ಇದೆ, ಅಷ್ಟೇ. ಈಥರ್ ಕೂಡ ತನ್ನದೇ ಚೈನ್‌ನ ಕಾಯಿನ್. ಆ ಚೈನ್‌ನ ಹೆಸರು ಇಥೀರಿಯಂ, ಅಲ್ಲಿ ಪ್ರತಿ ವಹಿವಾಟಿನ ಶುಲ್ಕ (ಗ್ಯಾಸ್) ಕಟ್ಟುವುದು ಈಥರ್‌ನಲ್ಲೇ. ವ್ಯಾಲೆಟ್‌ನಲ್ಲಿ ಇದರ ಪಕ್ಕ ಕಾಣುವ ಟೋಕನ್‌ಗಳು ಮಾತ್ರ ಇದೇ ಚೈನ್ ಮೇಲೆ ಯಾರೋ ಬರೆದಿಟ್ಟ ಕಾಂಟ್ರಾಕ್ಟ್‌ಗಳು, ಅಂದರೆ ಚೈನ್ ಮೇಲೆ ಓಡುವ ಪ್ರೋಗ್ರಾಂಗಳು. ನೋಡೋಕೆ ಎಲ್ಲವೂ ಒಂದೇ ಥರ!

ನಾನು ಜಾಸ್ತಿ ಹೊತ್ತು ಕೂರುವುದು ಸ್ಟೇಬಲ್‌ಕಾಯಿನ್‌ಗಳ (ಬೆಲೆ ಡಾಲರ್‌ನಂತೆ ಸ್ಥಿರವಾಗಿರಲೆಂದು ಮಾಡಿದ ಟೋಕನ್‌ಗಳ) ಮುಂದೆ. ಎಲ್ಲವೂ ‘ಒಂದು ಡಾಲರ್’ ಎನ್ನುತ್ತವೆ, ಆದರೆ ಮಾತು ಕೊಟ್ಟವರು ಬೇರೆ ಬೇರೆ. ಯುಎಸ್‌ಡಿಸಿ ಹಿಂದೆ ಸರ್ಕಲ್ ಕಂಪನಿ ಇಟ್ಟಿರುವ ಮೀಸಲು ಹಣವಿದೆ. 2023ರ ಮಾರ್ಚ್‌ನಲ್ಲಿ ಅದರಲ್ಲಿ 330 ಕೋಟಿ ಡಾಲರ್ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಯುಎಸ್‌ಡಿಸಿ 90 ಸೆಂಟ್‌ಗಿಂತ ಕೆಳಗೆ ಜಾರಿ, ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. ಇನ್ನೊಂದು ಸ್ಟೇಬಲ್‌ಕಾಯಿನ್ ಡಾಯ್. ಅದನ್ನು ಹೊಸದಾಗಿ ಹುಟ್ಟಿಸಬೇಕೆಂದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೆಲೆಯ ಈಥರ್‌ನಂಥದ್ದನ್ನು ಅಡವಿಡಬೇಕು. ಆದರೆ ಆ ಅಡವಿನಲ್ಲಿ ಯುಎಸ್‌ಡಿಸಿಯೂ ಇತ್ತು, ಹಾಗಾಗಿ ಆಗ ಡಾಯ್ ಕೂಡ ಜಾರಿತು. ಮೂರನೆಯ ಸ್ಟೇಬಲ್‌ಕಾಯಿನ್ ಟೆರಾಯುಎಸ್‌ಡಿ ನಂಬಿದ್ದು ತನ್ನ ಜೋಡಿ ಟೋಕನ್ ಲೂನಾವನ್ನು. 2022ರ ಮೇನಲ್ಲಿ ಎರಡೂ ಒಟ್ಟಿಗೆ ನೆಲಕಚ್ಚಿದವು.

ಡಬ್ಲ್ಯೂಬಿಟಿಸಿ (ರ‍್ಯಾಪ್ಡ್ ಬಿಟ್‌ಕಾಯಿನ್) ಎಂಬ ಟೋಕನ್ ಬಿಟ್‌ಕಾಯಿನ್ ಅಲ್ಲ. ಯಾರೋ ಕಾಪಾಡುತ್ತಿರುವ ಬಿಟ್‌ಕಾಯಿನ್‌ಗೆ ಕೊಟ್ಟ ಚೀಟಿ.

ಟೋಕನ್‌ಗಳನ್ನು ಅದಲುಬದಲು ಮಾಡುವ ತಾಣ ಯುನಿಸ್ವಾಪ್‌ನ ಯುಎನ್‌ಐ ಟೋಕನ್ ಬೇರೆ ಜಾತಿ. 2020ರ ಸೆಪ್ಟೆಂಬರ್‌ನಲ್ಲಿ, ಯುನಿಸ್ವಾಪ್ ಅನ್ನು ಮೊದಲೇ ಬಳಸಿದ್ದ ಪ್ರತಿ ವಿಳಾಸಕ್ಕೂ 400 ಯುಎನ್‌ಐ ಪುಕ್ಕಟೆ ಸಿಕ್ಕಿತು. ಅದರ ಜೊತೆ ಬಂದದ್ದು ಯುನಿಸ್ವಾಪ್‌ನ ತೀರ್ಮಾನಗಳಲ್ಲಿ ಮತದ ಹಕ್ಕು. ಕಂಪನಿಯ ಷೇರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಚಿತ್ರದಂಥದ್ದಕ್ಕೆ ಒಂದೊಂದೇ ಇರುವ ಟೋಕನ್, ಎನ್‌ಎಫ್‌ಟಿಯೂ ಹಾಗೇ: ಎಷ್ಟೋ ಸಲ ಕಾಂಟ್ರಾಕ್ಟ್‌ನಲ್ಲಿರುವುದು ಒಂದು ಸಂಖ್ಯೆ, ಒಂದು ಲಿಂಕ್. ಚಿತ್ರ ಬೇರೆಲ್ಲೋ ಇರುತ್ತದೆ. ಕಾಪಿರೈಟ್ ತಾನಾಗಿ ಬರುವುದಿಲ್ಲ.

ಇದನ್ನೆಲ್ಲ ನೋಡಲು ಸುಮ್ನೆ ಇಥೀರಿಯಂ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ತಾಣ ತೆರೆಯುತ್ತೇನೆ. ಕಾಂಟ್ರಾಕ್ಟ್ ಕೋಡ್‌ನಲ್ಲಿ ಮಿಂಟ್ (ಹೊಸ ಟೋಕನ್ ಹುಟ್ಟಿಸುವುದು), ಪಾಜ್ (ಎಲ್ಲ ವಹಿವಾಟು ನಿಲ್ಲಿಸುವುದು), ಬ್ಲ್ಯಾಕ್‌ಲಿಸ್ಟ್ (ಒಂದು ವಿಳಾಸವನ್ನು ತಡೆಯುವುದು) ಎಂಬ ಫಂಕ್ಷನ್‌ಗಳಿವೆಯಾ, ಅವು ಯಾರ ಕೈಯಲ್ಲಿವೆ ಎಂದು ಹುಡುಕುತ್ತೇನೆ. ಯುಎಸ್‌ಡಿಸಿಯಲ್ಲಿ ಮೂರೂ ಇವೆ. ಅಂದರೆ ನನ್ನ ವಿಳಾಸವನ್ನು ಸರ್ಕಲ್ ತಡೆಹಿಡಿಯಬಹುದು. ಅದೇ ಹೆಸರಿನ ನಕಲಿ ಟೋಕನ್ ಯಾರು ಬೇಕಾದರೂ ಮಾಡಬಹುದು, ಅಲ್ವಾ? ಅದಕ್ಕೆ ಹುಡುಕುವ ಮುಂಚೆ ಕಾಂಟ್ರಾಕ್ಟ್ ವಿಳಾಸವನ್ನು ಟೋಕನ್ ಹೊರಡಿಸಿದವರ ಪುಟದಿಂದಲೇ ತೆಗೆದುಕೊಳ್ಳುತ್ತೇನೆ.